ಕೊಟ್ಟೆಗೆ ಬಾಯಿ ಕೆಳಗೆ

ಜೂನ್ ಎರಡನೇ ವಾರ ಊರಿಗೆ ಹೋಗಿದ್ದೆ. ಸಾಗರ ಪೇಟೆಯಿಂದ ಒಳಗೆ ಅರ್ಧ ಗಂಟೆಯ ದಾರಿ, ಅಡಿಕೆ ತೋಟದ ನೆತ್ತಿಗೆ ನಮ್ಮ ಮನೆ. ಮಳೆ ಹಿಡಿದಿತ್ತು. ಕರೆಂಟ್ ಬಂದರೆ ಬಂತು, ಹೋದರೆ ಹೋಯಿತು. ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಇರುವಷ್ಟು ಹೊತ್ತು ವಿಕ್ಷನರಿ ಅನ್ನುವ ಕನ್ನಡದ ಅಂತರ್ಜಾಲ ನಿಘಂಟಿಗೆ ಒಂದು ಪದ ಸೇರಿಸೋಣ ಅಂತ ಜಗಲಿಯಲ್ಲಿ ಕೂತು ‘ಕೊಟ್ಟೆ’ ಅಂತ ಟೈಪ್ ಮಾಡಿದೆ. ಅರ್ಥದ ಜಾಗದಲ್ಲಿ ಬರೆದೆ: ‘ಮಳೆಗಾಲದಲ್ಲಿ ಅಡಿಕೆ ಕೊನೆಗೆ ಕಟ್ಟುವ ಪ್ಲಾಸ್ಟಿಕ್ ಚೀಲ.’ ಕೊನೆ ಅಂದರೆ ಅಡಿಕೆಯ ಗೊನೆ. ಅಪ್ಪಯ್ಯನಿಗೆ ಓದಿ ಹೇಳಿದೆ.

‘ಚೀಲ ಅಲ್ಲ ಮಾರಾಯ್ತಿ ಅದು’ ಅಂದರು. ‘ಚೀಲಕ್ಕೆ ಬುಡ ಇರ್ತದೆ, ಬಾಯಿ ಮೇಲಿರ್ತದೆ. ಕೊಟ್ಟೆಗೆ ಬಾಯಿ ಕೆಳಗೆ. ನೀನು ಬರ್ದಂಗೆ ಚೀಲ ಕಟ್ಟಿದ್ರೆ ನೀರು ಒಳಗೆ ನಿಂತು ಕೊನೆ ಅಲ್ಲೇ ಕೊಳೀತದೆ.’

ನಲವತ್ತೆರಡು ವರ್ಷ ಆ ತೋಟ ನೋಡಿದ್ದೇನೆ. ಕೊಟ್ಟೆ ಕಟ್ಟುವವರಿಗೆ ಮರದ ಬುಡದಲ್ಲಿ ನಿಂತು ಕೊಟ್ಟೆ ಎಣಿಸಿ ಕೊಟ್ಟವಳು. ಆದರೂ ಅರ್ಥ ಬರೆಯಲು ಕೂತಾಗ ಕೈಗೆ ಬಂದದ್ದು ‘ಚೀಲ’. ಅಳಿಸಿ ಮತ್ತೆ ಬರೆದೆ: ‘ಮಳೆ ನೀರು ತಾಗದಂತೆ ಅಡಿಕೆ ಕೊನೆಯನ್ನು ಮೇಲಿನಿಂದ ಮುಚ್ಚಿ ಕಟ್ಟುವ, ಕೆಳಗೆ ತೆರೆದಿರುವ ಹೊದಿಕೆ.’ ‘ಪ್ಲಾಸ್ಟಿಕ್’ ಅನ್ನುವುದನ್ನೂ ತೆಗೆಯಲು ಹೇಳಿದರು. ಪ್ಲಾಸ್ಟಿಕ್ ಬಂದದ್ದು ಅವರ ಕಣ್ಣೆದುರಿಗೆ. ಅದಕ್ಕೆ ಮೊದಲು ಅಡಿಕೆ ಮರದ ಹಾಳೆಯದೋ ಕರಡದ ಹುಲ್ಲಿನದೋ ಕೊಟ್ಟೆ. ಸಾಮಾನು ಬದಲಾಯಿತು, ಹೆಸರು ಬದಲಾಗಲಿಲ್ಲ. ಹಾಗಿರುವಾಗ ಅರ್ಥದೊಳಗೆ ಪ್ಲಾಸ್ಟಿಕ್ ಯಾಕೆ?

ನಾನು ಶಿವಮೊಗ್ಗದಲ್ಲಿ ಒಬ್ಬ ಆಡಿಟರ್ ಹತ್ತಿರ ಕೆಲಸ ಮಾಡುವವಳು. ಭಾಷಾ ಶಾಸ್ತ್ರ ಓದಿದವಳಲ್ಲ. ಆರು ವರ್ಷದಿಂದ ರಾತ್ರಿ ಊಟ ಆದಮೇಲೆ ಅರ್ಧ ಗಂಟೆ, ಮುಕ್ಕಾಲು ಗಂಟೆ ವಿಕ್ಷನರಿಯಲ್ಲಿ ಕೂರುತ್ತೇನೆ. ವಿಕಿಪೀಡಿಯ ಎಲ್ಲರಿಗೂ ಗೊತ್ತು. ಅದರದ್ದೇ ಬಳಗದ ಈ ನಿಘಂಟು 2002ರ ಡಿಸೆಂಬರಿನಲ್ಲಿ ಮೊದಲು ಇಂಗ್ಲಿಷಿನಲ್ಲಿ ಶುರುವಾಯಿತು, ಆಮೇಲೆ ಒಂದೊಂದೇ ಭಾಷೆಗೆ ಬಂತು. ಕನ್ನಡದಲ್ಲೂ ಇದೆ ಅಂದರೆ ಈಗಲೂ ಎಷ್ಟೋ ಜನ ಹುಬ್ಬೇರಿಸುತ್ತಾರೆ. ಅಡಿಕೆ ಅನ್ನುವ ಮರದ ವಿಷಯ ವಿಕಿಪೀಡಿಯಕ್ಕೆ, ‘ಅಡಿಕೆ’ ಅನ್ನುವ ಪದದ ವಿಷಯ ವಿಕ್ಷನರಿಗೆ: ಅದರ ಉಚ್ಚಾರ, ‘ಅಡಕೆ’ ಅಂತಲೂ ಬರೆಯುತ್ತಾರೆ ಅನ್ನುವುದು, ಅರ್ಥಗಳು, ಬಳಸಿದ ವಾಕ್ಯ, ಬೇರೆ ಭಾಷೆಯಲ್ಲಿ ಏನನ್ನುತ್ತಾರೆ ಅನ್ನುವುದು. ಯಾರು ಬೇಕಾದರೂ ಬರೆಯಬಹುದು, ತಿದ್ದಬಹುದು. ಯಾರು ಯಾವಾಗ ಯಾವ ಅಕ್ಷರ ಬದಲಾಯಿಸಿದರು ಅನ್ನುವುದು ಇತಿಹಾಸದ ಪುಟದಲ್ಲಿ ಉಳಿಯುತ್ತದೆ. ನನ್ನ ‘ಚೀಲ’ವೂ ಅಲ್ಲಿ ಉಳಿದಿದೆ, ಯಾಕೆಂದರೆ ಅಪ್ಪಯ್ಯನಿಗೆ ಓದಿ ಹೇಳುವ ಮೊದಲೇ ನಾನು ಉಳಿಸುವ ಗುಂಡಿ ಒತ್ತಿ ಆಗಿತ್ತು.

ಶುರುವಿನಲ್ಲಿ ಒಂದು ದೊಡ್ಡ ತಪ್ಪು ಮಾಡಿದ್ದೆ. ಮನೆಯಲ್ಲಿದ್ದ ಒಂದು ಅಚ್ಚಾದ ನಿಘಂಟನ್ನು ಪಕ್ಕಕ್ಕಿಟ್ಟುಕೊಂಡು ಅದರ ಅರ್ಥಗಳನ್ನು ಹಾಗೇ ನಕಲು ಮಾಡಿ ಹಾಕುತ್ತಾ ಹೋದೆ. ಎರಡು ವಾರಕ್ಕೆ ನೂರ ಎಪ್ಪತ್ತು ಪದ. ಬಹಳ ಖುಷಿಯಲ್ಲಿದ್ದೆ. ಆಗ ಒಬ್ಬ ಹಿರಿಯ ಸ್ವಯಂಸೇವಕರು ನನ್ನ ಚರ್ಚೆ ಪುಟದಲ್ಲಿ ಬರೆದರು: ಪದ ಯಾರ ಸ್ವತ್ತೂ ಅಲ್ಲ, ಆದರೆ ಅರ್ಥ ಹೇಳಿದ ವಾಕ್ಯ ಬರೆದವರದ್ದು. ಇಲ್ಲಿ ಬರೆದದ್ದನ್ನು ಯಾರು ಬೇಕಾದರೂ ಬಳಸಬಹುದು ಅಂತ ನಾವು ಮಾತು ಕೊಟ್ಟಿದ್ದೇವೆ, ನಮ್ಮದಲ್ಲದ್ದರ ಮೇಲೆ ಆ ಮಾತು ಕೊಡುವುದು ಹೇಗೆ? ನೂರ ಎಪ್ಪತ್ತನ್ನೂ ತೆಗೆದೆ. ಮುಖ ಸುಟ್ಟ ಹಾಗಾಗಿ ತಿಂಗಳುಗಟ್ಟಲೆ ಅತ್ತ ಹೋಗಲಿಲ್ಲ. ಮತ್ತೆ ಹೋದಾಗ ನನ್ನದೇ ಮಾತಲ್ಲಿ ಬರೆಯತೊಡಗಿದೆ. ಒಂದು ಪದಕ್ಕೆ ಒಂದು ರಾತ್ರಿ ಹಿಡಿಯಿತು. ಆ ನಿಧಾನದಲ್ಲೇ ಈ ಕೆಲಸದ ರುಚಿ ಹತ್ತಿದ್ದು.

ದೊಡ್ಡ ನಿಘಂಟುಗಳ ಮೇಲೆ ನನಗೆ ಅಪಾರ ಗೌರವವಿದೆ. ಕಿಟೆಲ್ಲರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು, ಇವತ್ತಿಗೂ ಅದನ್ನು ತೆರೆಯದೆ ನನ್ನ ಕೆಲಸ ಸಾಗುವುದಿಲ್ಲ. ಜಿ. ವೆಂಕಟಸುಬ್ಬಯ್ಯನವರಂಥ ವಿದ್ವಾಂಸರು ದಶಕಗಳ ಕಾಲ ದುಡಿದ ಸಾಹಿತ್ಯ ಪರಿಷತ್ತಿನ ನಿಘಂಟು ಎಂಟು ಸಂಪುಟ. ಅದು ಮುಗಿದದ್ದು 1995ರಲ್ಲಿ. ವಿ. ಕೃಷ್ಣ ಅವರು ಒಬ್ಬರೇ ವರ್ಷಾನುಗಟ್ಟಲೆ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು ‘ಅಲರ್’ ಅನ್ನುವ ಹೆಸರಲ್ಲಿ 2019ರಲ್ಲಿ ಅಂತರ್ಜಾಲಕ್ಕೆ ಬಂತು, ಒಂದೂವರೆ ಲಕ್ಷಕ್ಕೂ ಹೆಚ್ಚು ಪದ, ಯಾರು ಬೇಕಾದರೂ ಬಳಸಿ ಅಂತ ಬಿಟ್ಟುಕೊಟ್ಟರು. ಆ ಸುದ್ದಿ ಓದಿದ ದಿನ ನಾನು ಆಫೀಸಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದೆ. ಆದರೆ ಹಾಳೆಕೊಟ್ಟೆ ನೇಯ್ದವರು, ಮೆಟ್ಟುಗತ್ತಿಯ ಮೇಲೆ ಕೂತು ರಾತ್ರಿಯಿಡೀ ಅಡಿಕೆ ಸುಲಿದ ಹೆಂಗಸರು, ಅಡಿಕೆ ಬೇಯಿಸಿದ ನೀರು ಎಷ್ಟು ಗಟ್ಟಿಯಾದರೆ ಒಳ್ಳೆ ಚೊಗರು ಅಂತ ಬೆರಳಲ್ಲಿ ಮುಟ್ಟಿ ಹೇಳುವವರು, ಅವರ ಬಾಯಿಂದ ಪದದ ಅರ್ಥ ಕೇಳಿ ಅದೇ ಸಂಜೆ ನಿಘಂಟಿಗೆ ಸೇರಿಸುವ ದಾರಿ ಮೊದಲು ಇರಲಿಲ್ಲ. ಈಗ ಇದೆ. ಅದಕ್ಕೇ ನನಗೆ ಇದರ ಹುಚ್ಚು.

‘ಕೊಟ್ಟೆ’ಯ ಕತೆ ಅಪ್ಪಯ್ಯನ ಮಾತಿಗೆ ಮುಗಿಯಲಿಲ್ಲ. ನಾಲ್ಕು ದಿನ ಬಿಟ್ಟು ನೋಡಿದರೆ ಯಾರೋ ನನ್ನ ಅರ್ಥದ ಮೇಲೆ ಇನ್ನೊಂದು ಅರ್ಥ ಕೂರಿಸಿದ್ದಾರೆ: ‘ಹಲಸಿನ ಎಲೆಗಳನ್ನು ಕಡ್ಡಿಯಿಂದ ಚುಚ್ಚಿ ಮಾಡಿದ ಬಟ್ಟಲು, ಇದರಲ್ಲಿ ಹಿಟ್ಟು ಹೊಯ್ದು ಕಡುಬು ಬೇಯಿಸುತ್ತಾರೆ.’ ಚರ್ಚೆ ಪುಟದಲ್ಲಿ ತುಸು ಬಿಸಿಯಾಗಿಯೇ ಬರೆದಿದ್ದರು, ಕೊಟ್ಟೆ ಅಂದರೆ ಇದೇ, ನಮ್ಮ ಉಡುಪಿ ಕಡೆ ಅಷ್ಟಮಿಗೆ ಮಾಡದ ಮನೆಯಿಲ್ಲ, ಅಡಿಕೆಗೆ ಕಟ್ಟುವುದನ್ನು ಯಾರು ಕೊಟ್ಟೆ ಅನ್ನುತ್ತಾರೆ ಅಂತ. ನಮ್ಮಲ್ಲೂ ಕೊಟ್ಟೆ ಕಡುಬು ಮಾಡುತ್ತಾರೆ, ನಾನು ತಿಂದು ಬೆಳೆದದ್ದೇ. ಆದರೂ ಬರೆಯುವಾಗ ತೋಟದ ಕೊಟ್ಟೆಯೊಂದೇ ತಲೆಯಲ್ಲಿತ್ತು. ಎರಡು ದಿನ ಹಿಂದೆ ಮುಂದೆ ಮಾತಾಡಿಕೊಂಡೆವು. ಕೇದಗೆ ಎಲೆಯ ಸುರುಳಿಯಲ್ಲಿ ಬೇಯಿಸಿದರೆ ಅದು ಮೂಡೆ, ಕೊಟ್ಟೆ ಅಲ್ಲ, ಅದನ್ನು ಸೇರಿಸಿಬಿಡಬೇಡಿ ಅಂತ ಅವರು ತಿಳಿಸಿ ಹೇಳಿದರು. ಕೊಂಕಣಿಯಲ್ಲಿ ‘ಖೊಟ್ಟೊ’ ಇರುವುದನ್ನೂ ಅವರೇ ಹಾಕಿದರು. ಅವರ ಕೊಟ್ಟೆಗೆ ಬಾಯಿ ಮೇಲೆ, ನಮ್ಮದಕ್ಕೆ ಕೆಳಗೆ. ಎರಡೂ ಸೇರಿ ಈಗ ಒಂದೇ ಪುಟದಲ್ಲಿವೆ, ನಮ್ಮದು 1, ಅವರದ್ದು 2. ಅಂಗಡಿಯ ಪ್ಲಾಸ್ಟಿಕ್ ಕವರಿಗೂ ನಮ್ಮ ಕಡೆ ಕೊಟ್ಟೆ ಅನ್ನುವುದುಂಟು, ಅದು 3.

ಆಮೇಲೆ ಬಂದದ್ದು ನನಗೆ ನಿಜಕ್ಕೂ ಹೊಳೆದಿರಲಿಲ್ಲ. ಬಯಲುಸೀಮೆಯ ಕಡೆಯ ಹುಡುಗನೊಬ್ಬ, ಕಾಲೇಜು ಓದುತ್ತಿರಬೇಕು, ಬಹಳ ವಿನಯದಿಂದ ಕೇಳಿದ: ‘ಮೇಡಂ, ನಾನು ಕೊಟ್ಟೆ, ನೀನು ತಗೊಂಡೆ, ಆ ಕೊಟ್ಟೆ ಇಲ್ಲಿ ಬೇಡವೇ?’ ಕೊಡು ಧಾತುವಿನ ರೂಪ! ಕನ್ನಡ ನಾಡಿನಲ್ಲಿ ಬಹುಪಾಲು ಜನಕ್ಕೆ ಗೊತ್ತಿರುವ ಕೊಟ್ಟೆ ಅದೊಂದೇ. ದಿನಕ್ಕೆ ಹತ್ತು ಸಲ ನನ್ನ ಬಾಯಲ್ಲೇ ಬರುವ ಕೊಟ್ಟೆ. ನಾನು, ಅಪ್ಪಯ್ಯ, ಉಡುಪಿಯವರು, ಮೂವರೂ ಅದನ್ನು ಬಿಟ್ಟಿದ್ದೆವು.

ಇಂಗ್ಲಿಷಿನ ದೊಡ್ಡ ನಿಘಂಟಿನಲ್ಲೂ ಹೀಗೇ ಆಗಿತ್ತು ಅಂತ ಓದಿದ್ದು ಆಗ ನೆನಪಾಯಿತು. ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಜೇಮ್ಸ್ ಮರ್ರೆ 1879ರಲ್ಲಿ ಓದುಗರಿಗೆ ಒಂದು ಮನವಿ ಮಾಡಿದರು: ಪುಸ್ತಕ ಓದಿ, ಪದ ಸಿಕ್ಕ ವಾಕ್ಯವನ್ನು ಚೀಟಿಯಲ್ಲಿ ಬರೆದು ಕಳಿಸಿ. ಅಂಚೆಯಲ್ಲಿ ಲಕ್ಷಾಂತರ ಚೀಟಿ ಬಂದವು. ಹೀಗೆ ಸ್ವಂತ ಖುಷಿಗೆ ಜನ ಸೇರಿ ನಿಘಂಟು ಕಟ್ಟುವುದು ಕಂಪ್ಯೂಟರ್ ಕಾಲದ್ದಲ್ಲ. ಆದರೆ ಓದುಗರು ಅಪರೂಪದ ಪದ ಕಂಡರೆ ಹಿಗ್ಗಿ ಬರೆದರು, ದಿನಬಳಕೆಯದ್ದನ್ನು ದಾಟಿ ಹೋದರು. ‘ಅಬ್ಯೂಷನ್’ ಅನ್ನುವ ಯಾರೂ ಬಳಸದ ಹಳೆ ಪದಕ್ಕೆ ಸುಮಾರು ಐವತ್ತು ಚೀಟಿ, ‘ಅಬ್ಯೂಸ್’ಗೆ ಐದೂ ಇಲ್ಲ ಅಂತ ಮರ್ರೆ ನೊಂದುಕೊಂಡರು. ‘ಬಾಂಡ್‌ಮೇಡ್’ ಅನ್ನುವ ಪದದ ಚೀಟಿಗಳಂತೂ ಕಳೆದೇ ಹೋಗಿ ಆ ಪದವಿಲ್ಲದೆ ಸಂಪುಟ ಅಚ್ಚಾಯಿತು. ಅಚ್ಚಾದ ಮೇಲೆ ಸೇರಿಸಲು ಪುರವಣಿಯವರೆಗೆ ಕಾಯಬೇಕು. ನಮಗೆ ಆ ಹುಡುಗ ಕೇಳಿದ ಹತ್ತು ನಿಮಿಷಕ್ಕೆ ಕೆಲಸ ಆಯಿತು.

ಅವತ್ತಿನಿಂದ ನನ್ನ ಪಟ್ಟಿ ಬದಲಾಯಿತು. ಚೊಗರು, ಗೊರಬಲು, ಬೆಟ್ಟೆ, ಸಿಪ್ಪೆಗೋಟು ಅಂತ ಅಡಿಕೆ ಕೆಲಸದ ವಿಶೇಷ ಪದಗಳನ್ನೇ ಆರಿಸಿಟ್ಟುಕೊಂಡಿದ್ದೆ. ಈಗ ಮೇಲೆ ‘ಹೊಡೆ’ ಇದೆ. ಹೊಡೆ ಅಂದರೆ ಪೆಟ್ಟು ಹಾಕು ಅಂತ ಒಂದು ಸಾಲು ಬರೆದು ಎದ್ದು ಹೋಗಬಹುದು. ಆದರೆ ಗಂಟೆ ಹೊಡೆಯುತ್ತದೆ, ಗೋಡೆಗೆ ಸುಣ್ಣ ಹೊಡೆಯುತ್ತೇವೆ, ಹರಟೆ ಹೊಡೆಯುತ್ತೇವೆ, ಮಧ್ಯಾಹ್ನ ನಿದ್ದೆ ಹೊಡೆಯುತ್ತೇವೆ, ಈಜು ಹೊಡೆಯುತ್ತೇವೆ, ಸೈಕಲ್ಲಿಗೆ ಗಾಳಿ ಹೊಡೆಸುತ್ತೇವೆ, ಒದ್ದೆ ಬಟ್ಟೆ ಗಬ್ಬು ಹೊಡೆಯುತ್ತದೆ. ನಮ್ಮೂರಲ್ಲಿ ಮಳೆಗಾಲಕ್ಕೆ ಮುಂಚೆ ‘ಔಷಧಿ ಹೊಡ್ದಾಯ್ತಾ?’ ಅಂದರೆ ಅಡಿಕೆ ಕೊನೆಗೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಸಿಂಪಡಿಸಿ ಆಯಿತಾ ಅಂತ. ‘ಹೊಡೆ’ಗೆ ಹದಿನೇಳು ಅರ್ಥದವರೆಗೆ ಬಂದಿದ್ದೇನೆ. ಪ್ರತಿಯೊಂದಕ್ಕೂ ಜನ ನಿಜವಾಗಿ ಆಡುವ ವಾಕ್ಯ ಬೇಕು. ನಾನೇ ಕೂತು ಹೊಸೆದ ವಾಕ್ಯ ಓದಿದರೆ ತಿಳಿದುಬಿಡುತ್ತದೆ, ಅದಕ್ಕೆ ಉಸಿರಿರುವುದಿಲ್ಲ.

ಪುರಾವೆಯ ಮಾತೂ ಇದೆ. ಇಂಗ್ಲಿಷ್ ವಿಕ್ಷನರಿಯಲ್ಲಿ, ಬರಹ ಹೇರಳವಾಗಿರುವ ಭಾಷೆಗಳ ಪದದ ಮೇಲೆ ಸಂಶಯ ಬಂದರೆ, ಬೇರೆ ಬೇರೆಯವರು ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯಲ್ಲಿ ಬಳಸಿದ ಮೂರು ಉದಾಹರಣೆ ತೋರಿಸಬೇಕು. ಬರಹ ಕಡಿಮೆ ಇರುವ ಭಾಷೆಗಳಿಗೆ ಒಂದೇ ಸಾಕು. ಒಳ್ಳೆ ನಿಯಮ. ಮನಸ್ಸಿಗೆ ಬಂದ ಪದ ಹುಟ್ಟಿಸಿ ಹಾಕುವವರು ಎಲ್ಲ ಕಡೆ ಇದ್ದಾರೆ. ಆದರೆ ತೋಟದ ಮಾತು, ಅಡುಗೆ ಮನೆಯ ಮಾತು ಅಚ್ಚಿಗೆ ಹೋಗುವುದೇ ಕಡಿಮೆ. ಅದಕ್ಕೆ ನಾನು ಹಳೆ ಕೃಷಿ ಪತ್ರಿಕೆಗಳನ್ನು ಹುಡುಕುತ್ತೇನೆ. ರೈತರೇ ಪೆನ್ನು ಹಿಡಿದು ಬರೆಯುವ ‘ಅಡಿಕೆ ಪತ್ರಿಕೆ’ 1988ರಿಂದ ಪುತ್ತೂರಿನಿಂದ ಬರುತ್ತಿದೆ. ಅಂಥ ಬರಹದಲ್ಲಿ ಪದಗಳು ಮಣ್ಣು ಮೆತ್ತಿಕೊಂಡೇ ಸಿಗುತ್ತವೆ.

ಒಮ್ಮೊಮ್ಮೆ ಪುರಾವೆ ತೀರ ದೂರದಲ್ಲೂ ಸಿಗುತ್ತದೆ. ‘ಕೊಳೆರೋಗ’ದ ಪುಟಕ್ಕೆ ಹುಡುಕುವಾಗ ಸಿಕ್ಕಿದ್ದು: ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಕೆನಡಾದಿಂದ ಬಂದಿದ್ದ ಲೆಸ್ಲಿ ಕೋಲ್ಮನ್, 1910ರಲ್ಲಿ ಅಡಿಕೆಯ ರೋಗದ ಮೇಲೆ ಬರೆದ ಇಂಗ್ಲಿಷ್ ವರದಿಯ ಹೆಸರಿನಲ್ಲೇ ‘ಕೊಳೆರೋಗ’ ಅನ್ನುವ ಕನ್ನಡ ಪದ ಇಟ್ಟುಕೊಂಡಿದ್ದಾರೆ. ಕಾಫಿ ಗಿಡಕ್ಕೆ ಬರುವ ಕೊಳೆಯ ಶಿಲೀಂಧ್ರಕ್ಕಂತೂ ವಿಜ್ಞಾನಿಗಳು ಕೊಟ್ಟ ಹೆಸರೇ ‘ಕೊಲೆರೋಗ ನಾಕ್ಸಿಯಾ’. ಇದನ್ನು ಹೇಳಿದಾಗ ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ಗೆ ಬಂದ ಕಷ್ಟದ ಹೆಸ್ರಾದ್ರೂ ಸರಿಯಾಗಿ ಬರ್ಕೊಂಡ್ರಲ್ಲ’ ಅಂದರು.

ಈ ಸಲ ಹೊರಡುವ ಹಿಂದಿನ ದಿನ ಕೊಟ್ಟೆ ಕಟ್ಟಲು ಕೊನೆಗೌಡರು, ಅಂದರೆ ಮರ ಹತ್ತಿ ಕೊನೆ ಕೊಯ್ಯುವವರು, ಬಂದಿದ್ದರು. ಇಪ್ಪತ್ತು ವರ್ಷದಿಂದ ನಮ್ಮ ತೋಟಕ್ಕೆ ಬರುವವರು, ಈಗ ಈ ಕೆಲಸ ಬಲ್ಲವರು ಸುತ್ತಲಿನ ಊರಲ್ಲಿ ಮೂರೋ ನಾಲ್ಕೋ ಜನ. ಒಂದು ಮರದ ತುದಿಯಿಂದಲೇ ಪಕ್ಕದ ಮರಕ್ಕೆ ದಾಟುತ್ತಾ, ಕೆಳಗೆ ನಿಂತ ಅಪ್ಪಯ್ಯನಿಗೆ ಕೂಗಿ ಹೇಳಿದರು: ‘ಹೋದ್ವರ್ಷ ಕೊಟ್ಟೆ ಬಿಟ್ಟ ಸಾಲಿಗೇ ಕೊಳೆ ಹತ್ತಿದ್ದು ಹೆಗ್ಡೇರೆ, ಇವತ್ತು ಒಂದೂ ಬಿಡೂದಿಲ್ಲ.’ ಕೊಡೆಯನ್ನು ಕುತ್ತಿಗೆಗೆ ಸಿಕ್ಕಿಸಿಕೊಂಡು ಆ ವಾಕ್ಯವನ್ನು ಮೊಬೈಲಿನಲ್ಲಿ ಹಾಗೇ ಬರೆದುಕೊಂಡೆ. ಅವರು ಇಳಿದ ಮೇಲೆ ಕೇಳಿ, ಒಪ್ಪಿಗೆ ಪಡೆದು, ಹೆಸರಿಲ್ಲದೆ, ಅರ್ಥ 1ರ ಕೆಳಗೆ ಹಾಕಿದ್ದೇನೆ.

ಪುಟಕ್ಕೆ ಚಿತ್ರ ಒಂದು ಬಾಕಿ. ಪ್ಲಾಸ್ಟಿಕ್ಕಿನದರ ಫೋಟೋ ತೆಗೆದಾಯಿತು, ಹಳೆ ಹಾಳೆಕೊಟ್ಟೆ ಎಲ್ಲೂ ಸಿಗಲಿಲ್ಲ ಅಂದುಕೊಂಡಿದ್ದೆ. ನಿನ್ನೆ ರಾತ್ರಿ ಅಪ್ಪಯ್ಯ ಫೋನ್ ಮಾಡಿದ್ದರು. ಅಟ್ಟದ ಮೂಲೆಯಲ್ಲಿ, ತಟ್ಟಿಯ ಹಿಂದೆ, ಒಂದು ಇದೆಯಂತೆ. ಅಂಚು ಇಲಿ ಕಡಿದಿದೆ, ಆದರೂ ಕಟ್ಟು ಬಿಚ್ಚಿಲ್ಲ. ಶನಿವಾರ ಬೆಳಗಿನ ಬಸ್ಸಿಗೆ ಹೋಗುತ್ತಿದ್ದೇನೆ. ಅಂಗಳಕ್ಕೆ ತಂದು, ಬಾಯಿ ಕೆಳಗೆ ಮಾಡಿ ತೂಗುಹಾಕಿ, ಫೋಟೋ ತೆಗೆಯಬೇಕು.