ಹುಣಸೆ ಬೀಜದ ಬಾಟಲಿ

ಬೀದರಿನ ನಮ್ಮ ಪ್ರೌಢಶಾಲೆಯಲ್ಲಿ ಬಹುಮಾನಗಳಿಗೆ ಕೊರತೆ ಇರಲಿಲ್ಲ. ವಾರ್ಷಿಕೋತ್ಸವದಲ್ಲಿ ಸ್ಟೀಲ್ ತಟ್ಟೆ, ಕಂಪಾಸ್ ಪೆಟ್ಟಿಗೆ; ಪ್ರತಿಭಾ ಕಾರಂಜಿಯಲ್ಲಿ ಗೆದ್ದವರಿಗೆ ಪ್ರಾರ್ಥನೆಯ ಹೊತ್ತಿನಲ್ಲಿ ಚಪ್ಪಾಳೆ. ಆದರೆ ವರ್ಷವರ್ಷವೂ ವೇದಿಕೆ ಹತ್ತುತ್ತಿದ್ದವರು ಅದೇ ನಾಲ್ಕೈದು ಮಂದಿ. ಆ ತಟ್ಟೆ ತಮ್ಮ ಪಾಲಿನದಲ್ಲ ಎಂಬುದು ಉಳಿದವರಿಗೆ ಜೂನ್ ತಿಂಗಳಲ್ಲೇ ಗೊತ್ತಿರುತ್ತಿತ್ತು. ಗೊತ್ತಿದ್ದ ಮೇಲೆ ಹುರುಪು ಎಲ್ಲಿಂದ ಬರಬೇಕು?

ನಾವು ಎಂಟನೆಯ ತರಗತಿಯಲ್ಲಿದ್ದಾಗ ಗಣಿತದ ಮೇಡಂ ಒಂದು ಗಾಜಿನ ಉಪ್ಪಿನಕಾಯಿ ಬಾಟಲಿಯನ್ನೂ ಒಂದು ಚೀಲ ಹುಣಸೆ ಬೀಜವನ್ನೂ ತಂದು ಮೇಜಿನ ಮೇಲಿಟ್ಟರು. ಏಕೆಂದು ಹೇಳಲಿಲ್ಲ. ಒಂದು ದಿನ ಹುಡುಗನೊಬ್ಬ ಪಕ್ಕದವನ ನೋಟ್‌ಬುಕ್‌ನ ಮೇಲೆ ಬೆರಳಿಟ್ಟು, ಆವರಣ ಬಿಡಿಸುವಾಗ ಋಣ ಚಿಹ್ನೆ ಎಲ್ಲಿ ತಪ್ಪಿತೆಂದು ತೋರಿಸುತ್ತಿದ್ದ. ಮೇಡಂ ಪಾಠ ನಿಲ್ಲಿಸಿದರು. "ಇವನು ಉತ್ತರ ಹೇಳಿಬಿಡಲಿಲ್ಲ, ತಪ್ಪು ಎಲ್ಲಿದೆ ಎಂದು ತೋರಿಸಿದ" ಎಂದು ಹೇಳಿ ಒಂದು ಬೀಜವನ್ನು ಬಾಟಲಿಗೆ ಹಾಕಿದರು. ಖಾಲಿ ಗಾಜಿನೊಳಗೆ ಅದು ಟಣ್ಣೆಂದಿತು. ಇಡೀ ತರಗತಿ ತಿರುಗಿ ನೋಡಿತು.

ಅಂಕಕ್ಕೆ ಬೀಜವಿಲ್ಲ, ಮಾಡಿದ ಕೆಲಸಕ್ಕೆ ಮಾತ್ರ. ಅದೂ ಏನು ಮಾಡಿದೆ ಎಂದು ಬಿಡಿಸಿ ಹೇಳಿಯೇ. ಗಲಾಟೆ ಮಾಡಿದೆವೆಂದು ಹಾಕಿದ ಬೀಜವನ್ನು ಅವರು ಒಮ್ಮೆಯೂ ಹೊರತೆಗೆಯಲಿಲ್ಲ. ಬಾಟಲಿ ಎಲ್ಲರದು. ಅದು ತುಂಬಿದ ಮೇಲೆ ನಮ್ಮನ್ನೆಲ್ಲ ಮಹಮೂದ್ ಗಾವಾನ್ ಮದರಸಾಕ್ಕೆ ಕರೆದುಕೊಂಡು ಹೋದರು. ಅಲ್ಲಿ ವಿವರಿಸುವ ಹೊಣೆಯನ್ನು ಹಿಂದಿನ ಬೆಂಚಿನ, ತರಗತಿಯಲ್ಲಿ ಬಾಯಿಯೇ ಬಿಡದ ಹುಡುಗಿಗೆ ಮೊದಲೇ ವಹಿಸಿದ್ದರು. ಬಹಮನಿ ಸುಲ್ತಾನರ ಮಂತ್ರಿ 1472ರಲ್ಲಿ ಕಟ್ಟಿಸಿದ್ದು, ಒಳಗೆ ಗ್ರಂಥಾಲಯವಿದ್ದದ್ದು, ಮುಂದೆ ಮದ್ದು ಸಿಡಿದು ಒಂದು ಭಾಗ ಕುಸಿದದ್ದು, ಎಲ್ಲವನ್ನೂ ಆಕೆ ಉಳಿದಿರುವ ಮಿನಾರಿನ ಬಣ್ಣದ ಹೆಂಚುಗಳನ್ನು ತೋರಿಸುತ್ತಾ ಹೇಳಿದಳು. ಮಕ್ಕಳಿಗೆ ಕೊಡಬಹುದಾದ ಬಹುಮಾನಗಳಲ್ಲಿ ನಂಬಿ ವಹಿಸಿದ ಕೆಲಸವೇ ದೊಡ್ಡದೆಂದು ನಾನು ಇಂದಿಗೂ ನಂಬಿದ್ದೇನೆ.

ಈಗ ನಾನೂ ಭಾಲ್ಕಿ ತಾಲ್ಲೂಕಿನಲ್ಲಿ ಶಿಕ್ಷಕಿ. ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಅಮೆರಿಕದ ಸಂಶೋಧಕರು 1973ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ಓದಿದಾಗ ಮೇಡಂ ಕಣ್ಣ ಮುಂದೆ ಬಂದರು. ಚಿತ್ರ ಬರೆಯುವುದನ್ನು ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ 'ಬರೆದರೆ ಬಹುಮಾನ' ಎಂದು ಮೊದಲೇ ಹೇಳಲಾಗಿತ್ತು. ಕೆಲವು ದಿನಗಳ ನಂತರ ಆ ಮಕ್ಕಳು ತಾವಾಗಿ ಚಿತ್ರ ಬರೆಯುತ್ತಿದ್ದ ಸಮಯ ಉಳಿದವರಿಗಿಂತ ಸುಮಾರು ಅರ್ಧದಷ್ಟಿತ್ತು. ಮುಂಚೆ ಹೇಳದೆ ಬಹುಮಾನ ಕೊಟ್ಟ ಮಕ್ಕಳ ಆಸಕ್ತಿ ಮಾತ್ರ ಕುಗ್ಗಿರಲಿಲ್ಲ. ಬಾಟಲಿ ತುಂಬಿದರೆ ಏನು ಸಿಗುತ್ತದೆ ಎಂದು ನಾವು ಎಷ್ಟು ಪೀಡಿಸಿದರೂ ಮೇಡಂ ಬಾಯಿ ಬಿಟ್ಟಿರಲಿಲ್ಲ!

ಒಂಬತ್ತನೆಯ ತರಗತಿಯ ಅರ್ಧ ವರ್ಷದ ಹೊತ್ತಿಗೆ ಬಾಟಲಿ ಮೇಜಿನ ಮೇಲಿರಲಿಲ್ಲ. ಒಬ್ಬರಿಗೊಬ್ಬರು ಲೆಕ್ಕ ಹೇಳಿಕೊಡುವುದನ್ನು ನಾವು ನಿಲ್ಲಿಸಲಿಲ್ಲ. ಬಹುಮಾನವನ್ನು ಯಾವಾಗ ನಿಲ್ಲಿಸಬೇಕು ಎಂದು ಸಹೋದ್ಯೋಗಿಗಳು ಕೇಳುತ್ತಾರೆ. 'ಬೀಜ ಹಾಕಿ ಮಿಸ್' ಎಂದು ಮಕ್ಕಳು ನೆನಪಿಸುವುದು ತಾನಾಗಿ ನಿಂತ ಮೇಲೆ ನಾನು ಬಾಟಲಿಯನ್ನು ಕಪಾಟಿಗೆ ಸೇರಿಸುತ್ತೇನೆ, ಮುಂದಿನ ವರ್ಷದ ಮಕ್ಕಳಿಗೆ.