ಆ 72 ಗಂಟೆ ನಮ್ಮದಾಗಿರಲಿಲ್ಲ

ಬೆಂಗಳೂರಿನ ನಮ್ಮ ಸಣ್ಣ ಕಂಪನಿ ಜರ್ಮನಿಯ ಕಾರ್ಖಾನೆಯೊಂದರ ನೌಕರರ ಸಂಬಳದ ಲೆಕ್ಕ ನೋಡಿಕೊಳ್ಳುತ್ತದೆ. ಒಂದು ಶುಕ್ರವಾರ ಸಂಜೆ 5.40ಕ್ಕೆ ನಮ್ಮ ತಂಡದ ಕಿರಿಯ ಸಹೋದ್ಯೋಗಿಯೊಬ್ಬರು 214 ಜನರ ಸಂಬಳದ ಎಕ್ಸೆಲ್ ಕಡತವನ್ನು ಬೇರೊಬ್ಬ ಗ್ರಾಹಕರಿಗೆ ಕಳುಹಿಸಿಬಿಟ್ಟರು. ಮೂರು ಅಕ್ಷರ ಒತ್ತಿದ ಕೂಡಲೇ ಇಮೇಲ್ ತಾನಾಗಿ ತೋರಿಸುವ ವಿಳಾಸವನ್ನು ನಂಬಿದ್ದರು, ಅಷ್ಟೇ. ಹತ್ತು ನಿಮಿಷದೊಳಗೆ ನನ್ನ ಬಳಿ ಬಂದು ಹೇಳಿದರು.

ಅಲ್ಲಿಂದ ಮುಂದಿನದೆಲ್ಲ ನನ್ನ ಬುದ್ಧಿವಂತಿಕೆ. ಕಡತ ತಲುಪಿದವರಿಗೆ ಫೋನ್ ಮಾಡಿ ಅಳಿಸಿಬಿಡಿ ಎಂದು ಕೇಳಿಕೊಂಡೆ, ಅಳಿಸಿದ್ದೇವೆ ಎಂದರು. ಜನರ ಖಾಸಗಿ ಮಾಹಿತಿ ಕಾಪಾಡುವ ಯುರೋಪಿನ ಜಿಡಿಪಿಆರ್ ಕಾನೂನು ಇಂಥ ಸೋರಿಕೆಯನ್ನು ವರದಿ ಮಾಡಲು 72 ಗಂಟೆ ಕೊಡುತ್ತದೆ ಎಂದು ತರಬೇತಿಯಲ್ಲಿ ಕೇಳಿದ್ದ ನೆನಪು. ವಿವರವೆಲ್ಲ ಕಲೆಹಾಕಿ ಸೋಮವಾರ ಅಚ್ಚುಕಟ್ಟಾದ ವರದಿ ಕೊಡೋಣ ಎಂದುಕೊಂಡೆ. ಭಾನುವಾರ ರಾತ್ರಿ ಹೊಟ್ಟೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಗುತ್ತಿತ್ತು. ಬೆರಳು ಮಡಚಿ ಗಂಟೆ ಎಣಿಸಿ ಮಲಗಿದೆ.

ಸೋಮವಾರ ಮಧ್ಯಾಹ್ನ 1ಕ್ಕೆ, 67 ಗಂಟೆ ಕಳೆದ ಮೇಲೆ, ಕಾರ್ಖಾನೆಯವರಿಗೆ ತಿಳಿಸಿದೆ. ಅವರ ದತ್ತಾಂಶ ಸಂರಕ್ಷಣಾ ಅಧಿಕಾರಿ ದನಿ ಏರಿಸಲಿಲ್ಲ. "ಆ 72 ಗಂಟೆ ನಮ್ಮದು, ನಿಮ್ಮದಲ್ಲ" ಎಂದರು.

ಜಿಡಿಪಿಆರ್‌ನ 33ನೇ ವಿಧಿಯನ್ನು ಅಂದು ಮೊದಲ ಬಾರಿ ನಿಧಾನವಾಗಿ ಓದಿದೆ. ಈ ಕಾನೂನಿನ ಪಾಲನೆ ನೋಡಿಕೊಳ್ಳುವ ಸರ್ಕಾರಿ ಮೇಲ್ವಿಚಾರಣಾ ಪ್ರಾಧಿಕಾರಕ್ಕೆ ವರದಿ ಮಾಡಲು 72 ಗಂಟೆ ಇರುವುದು ಮಾಹಿತಿಯ ಹೊಣೆ ಹೊತ್ತ ಕಂಪನಿಗೆ, ಅಂದರೆ ಕಾರ್ಖಾನೆಗೆ. ಅದರ ಪರವಾಗಿ ಕೆಲಸ ಮಾಡುವ ನಮ್ಮಂಥವರು ಅನಗತ್ಯ ವಿಳಂಬವಿಲ್ಲದೆ ಆ ಕಂಪನಿಗೆ ತಿಳಿಸಬೇಕು. ನಮ್ಮ ಒಪ್ಪಂದದಲ್ಲಿ 24 ಗಂಟೆ ಎಂದೇ ಬರೆದಿತ್ತು, ಆ ಪುಟದಲ್ಲಿ ನನ್ನ ಸಹಿಯೂ ಇತ್ತು. ವರದಿ ಅಚ್ಚುಕಟ್ಟಾಗಿರಲಿ ಎಂದು ಕಾದದ್ದೂ ವ್ಯರ್ಥ: ಗೊತ್ತಿದ್ದಷ್ಟು ಮೊದಲು ಹೇಳಿ ಉಳಿದದ್ದನ್ನು ಹಂತಹಂತವಾಗಿ ಕೊಡಲು ಅದೇ ವಿಧಿ ಅವಕಾಶ ಕೊಡುತ್ತದೆ.

"ಅಳಿಸಿದ್ದಾರಲ್ಲ ಮೇಡಂ, ಅಪಾಯವೇನಿಲ್ಲ" ಎಂದು ನಾನು ತೇಪೆ ಹಚ್ಚಲು ನೋಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಕಡತದಲ್ಲಿ ಚರ್ಚ್ ತೆರಿಗೆಯ ಕಾಲಂ ಇತ್ತೇ?"

ಇತ್ತು. ಜರ್ಮನಿಯಲ್ಲಿ ಚರ್ಚಿನ ಸದಸ್ಯರ ಸಂಬಳದಿಂದ ಮಾಲೀಕರೇ ಈ ತೆರಿಗೆ ಹಿಡಿದುಕೊಳ್ಳುತ್ತಾರೆ. ಬವೇರಿಯ ಮತ್ತು ಬಾಡೆನ್-ವುರ್ಟೆಂಬರ್ಗ್‌ನಲ್ಲಿ ಅದು ಆದಾಯ ತೆರಿಗೆಯ ಶೇ 8, ಉಳಿದೆಡೆ ಶೇ 9. ಆ ಕಾಲಂನಲ್ಲಿ 'ಆರ್‌ಕೆ' ಎಂದಿದ್ದರೆ ರೋಮನ್ ಕ್ಯಾಥೊಲಿಕ್, 'ಇವಿ' ಎಂದಿದ್ದರೆ ಪ್ರೊಟೆಸ್ಟೆಂಟ್. ನಮ್ಮ ವೃತ್ತಿ ತೆರಿಗೆಯಂತೆ ಅದೂ ಒಂದು ಕಡಿತ ಎಂದುಕೊಂಡು ಎರಡು ವರ್ಷ ಆ ಅಕ್ಷರಗಳ ಮೇಲೆ ಕಣ್ಣಾಡಿಸಿದ್ದೆ. ಧರ್ಮವನ್ನು ಬಯಲು ಮಾಡುವ ಮಾಹಿತಿಗೆ 9ನೇ ವಿಧಿಯಲ್ಲಿ ವಿಶೇಷ ರಕ್ಷಣೆಯಿದೆ. ನನಗೆ ಎರಡು ಅಕ್ಷರವಾಗಿ ಕಂಡದ್ದು 214 ಜನರಿಗೆ ಏನು ಎಂಬುದನ್ನು ನಾನು ತೂಗುವಂತಿರಲಿಲ್ಲ. ಕಾರ್ಖಾನೆಯವರು ಮರುದಿನವೇ ಪ್ರಾಧಿಕಾರಕ್ಕೆ ವರದಿ ಮಾಡಿದರು, ನೌಕರರಿಗೂ ಪತ್ರ ಬರೆದರು.

ನಮ್ಮ ತರಬೇತಿಗಳಲ್ಲಿ 2 ಕೋಟಿ ಯೂರೊ ಅಥವಾ ಜಾಗತಿಕ ವಹಿವಾಟಿನ ಶೇ 4, ಯಾವುದು ಹೆಚ್ಚೋ ಅಷ್ಟರವರೆಗೆ ದಂಡ ಎಂದು ಹೆದರಿಸುತ್ತಾರೆ. ಶುಕ್ರವಾರ ಸಂಜೆ ಯಾರಿಗೆ ಫೋನ್ ಮಾಡಬೇಕು ಎಂದು ಮಾತ್ರ ಹೇಳಿಕೊಡುವುದಿಲ್ಲ.

ಈಗ ಸಂಬಳದ ಕಡತ ಇಮೇಲ್‌ನಲ್ಲಿ ಹೋಗುವುದಿಲ್ಲ. ಎಡವಟ್ಟಾದರೆ ಜರ್ಮನಿಗೆ ತಿಳಿಸಲು ನನ್ನ ಅನುಮತಿಯೂ ಬೇಕಿಲ್ಲ. ಕಳೆದ ದೀಪಾವಳಿ ರಜೆಯಲ್ಲಿ ರಾತ್ರಿ ಹತ್ತಕ್ಕೆ ಅದೇ ಸಹೋದ್ಯೋಗಿಯ ಫೋನ್ ಬಂತು: "ಸರ್, ಒಂದು ಸಣ್ಣ ತಪ್ಪಾಗಿದೆ. ಅವರಿಗೆ ಆಗಲೇ ತಿಳಿಸಿದೆ, ನಿಮಗೆ ಈಗ ಹೇಳುತ್ತಿದ್ದೇನೆ."