ಸಾರಿಗೆ ಹಾಕುವ ಮಾತ್ರೆ

ಇವತ್ತು ಉಪ್ಪಳದ ಒಂದು ಮೆಡಿಕಲ್‌ನಲ್ಲಿ ಒಬ್ಬರು ಅಕ್ಕ ಮೆಲ್ಲ ಕೇಳ್ತಿದ್ದರು, "ಅವರಿಗೆ ಗೊತ್ತಾಗದ ಹಾಗೆ ಸಾರಿಗೆ ಹಾಕುವ, ಕುಡಿತ ಬಿಡಿಸುವ ಮಾತ್ರೆ ಉಂಟಾ?"

ಉಂಟು, ಡೈಸಲ್ಫಿರಾಮ್. ಆದರೆ ಕದ್ದು ಹಾಕುವಂಥದ್ದಲ್ಲ ಮಾರಾಯ್ರೆ.
ಅದರ ಮೇಲೆ ಕುಡಿದರೆ ಮುಖ ಕೆಂಪಾಗಿ, ವಾಂತಿ ಬಂದು, ಎದೆಬಡಿತ ಏರಿ ಬಿಪಿ ಇಳಿಯುತ್ತದೆ. ಹಾರ್ಟಿನ ತೊಂದರೆ ಇದ್ದವರಿಗೆ ಜೀವಕ್ಕೇ ಅಪಾಯ. ಮಾತ್ರೆ ಬಿಟ್ಟು ಎರಡು ವಾರದವರೆಗೂ ಹೀಗಾಗಬಹುದು.
ಕುಡಿಯುವವರೇ ಒಪ್ಪಬೇಕು, ಕೊನೆಯ ಪೆಗ್ ಆಗಿ 12 ಗಂಟೆಯಾದರೂ ಕಳೆದಿರಬೇಕು, ಲಿವರ್ ಟೆಸ್ಟ್ ಆಗಿರಬೇಕು.

ದಿನಾ ಕುಡಿಯುವವರು "ನಾಳೆಯಿಂದ ಬಂದ್" ಅಂತ ಒಮ್ಮೆಲೇ ನಿಲ್ಲಿಸಿದರೂ ಕಷ್ಟವೇ. ಆರೆಂಟು ಗಂಟೆಗೆ ಕೈನಡುಕ, 48 ಗಂಟೆಯೊಳಗೆ ಫಿಟ್ಸ್ ಬರಬಹುದು, ಎರಡು ಮೂರು ದಿನಕ್ಕೆ ಕೆಲವರಿಗೆ ಇಲ್ಲದ್ದೆಲ್ಲ ಕಾಣುತ್ತದೆ. (ಮಾಟ ಅಂತ ಮಂತ್ರವಾದಿ ಹತ್ತಿರ ಓಡುವುದು ಆಗಲೇ!)
ಆಸ್ಪತ್ರೆಯಲ್ಲಾದರೆ ನಡುಕ, ಫಿಟ್ಸ್ ತಡೆಯುವ ಡಯಾಜೆಪಾಮ್ ಥರದ ಔಷಧಿಯನ್ನು ದಿನದಿನ ಇಳಿಸುತ್ತಾ ಕೊಡುತ್ತಾರೆ, ಗ್ಲೂಕೋಸ್ ಏರಿಸುವ ಮೊದಲು ವಿಟಮಿನ್ ಬಿ1 ಇಂಜೆಕ್ಷನ್.

ನಮ್ಮ ಕಾಸರಗೋಡು ಜಿಲ್ಲೆಗೆ ಕೇರಳ ಅಬಕಾರಿಯವರ ಕುಡಿತ ಬಿಡಿಸುವ "ವಿಮುಕ್ತಿ" ಕೇಂದ್ರ ಇರುವುದು ನೀಲೇಶ್ವರದ ತಾಲೂಕು ಆಸ್ಪತ್ರೆಯಲ್ಲಿ. ಮಂಜೇಶ್ವರದವರಿಗೆ ಮಂಗಳೂರೇ ಹತ್ತಿರ, ಅದು ಬೇರೆ ಮಾತು. ಫೋನಾದರೆ ವಿಮುಕ್ತಿಯ ಸಹಾಯವಾಣಿ 14405. ಮೊದಲ ಫೋನ್ ಮನೆಯವರು ಮಾಡಿದರೂ ಆಗುತ್ತದೆ.